‘ರೆಟ್ರೋಫಿಟ್’ಗೆ ಕನ್ನಡ ಪದ: ಹಳೆಯ ಸಿಎನ್‌ಸಿ ಮಿಲ್ಲಿಂಗ್ ಯಂತ್ರದ ಸಂದರ್ಭ

ಪ್ರಶ್ನೆ:

ಮಾನ್ಯರೇ, ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕೊರೆಯುವ ಹಳೆಯ ಸಿಎನ್‌ಸಿ ಮಿಲ್ಲಿಂಗ್ ಯಂತ್ರವೊಂದರ ನಿರ್ವಹಣಾ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರ ವಿದ್ಯುತ್ ಪೆಟ್ಟಿಗೆಯ ಬಾಗಿಲಿಗೆ ಹಾಕುವ ಫಲಕದ ಒಕ್ಕಣೆ ನಾಳೆಯೇ ಅಚ್ಚಿಗೆ ಹೋಗಬೇಕಾಗಿದೆ. ಯಂತ್ರದ ಎರಕದ ಮೈ, ಬಾಲ್ ಸ್ಕ್ರೂ, ಸ್ಪಿಂಡಲ್ ಎಲ್ಲವೂ ಮೊದಲಿನವೇ. ಅವನ್ನು ನಡೆಸುವ ಕಂಟ್ರೋಲ್ ಮಾತ್ರ ಹೊಸದು. ಬ್ಯಾಟರಿ ಬರಿದಾಗಿ ಪ್ಯಾರಾಮೀಟರುಗಳು (ಯಂತ್ರದ ಹೊಂದಾಣಿಕೆಯ ಅಂಕಿಗಳು) ಅಳಿಸಿಹೋಗಿದ್ದ, ಬಿಡಿಭಾಗಗಳೂ ಸಿಗದ ಹಳೆಯ ಕಂಟ್ರೋಲನ್ನು ತೆಗೆದು, ಕಂಪ್ಯೂಟರಿನಲ್ಲಿ ನಡೆಯುವ ತಂತ್ರಾಂಶವಾದ ಲಿನಕ್ಸ್‌ಸಿಎನ್‌ಸಿಯನ್ನು ಅಳವಡಿಸಲಾಗಿದೆ. ಇಂಗ್ಲಿಷಿನಲ್ಲಿ ‘ರೆಟ್ರೋಫಿಟ್’ ಎನ್ನುವ ಈ ಕೆಲಸವನ್ನು ‘ದುರಸ್ತಿ’ ಎನ್ನಬಹುದೇ, ‘ನವೀಕರಣ’ ಎನ್ನಬೇಕೇ, ಅಥವಾ ‘ಮರುನಿಯಂತ್ರಣ’ ಎಂಬ ಹೊಸ ಪದ ಸರಿಯಾದೀತೇ?

ಉತ್ತರ 1:

‘ಮರುನಿಯಂತ್ರಣ’ ಸಲ್ಲದು. ಕನ್ನಡದ ‘ಮರು’ವಿಗೆ ಸಂಸ್ಕೃತದ ‘ನಿಯಂತ್ರಣ’ವನ್ನು ಬೆಸೆದರೆ ಅದು ಅರಿಸಮಾಸ. ಬಿರುದಾವಳಿಗೂ ಪೂರ್ವಕವಿಗಳ ಪ್ರಯೋಗಕ್ಕೂ ‘ಶಬ್ದಮಣಿದರ್ಪಣ’ದ ವೈಯಾಕರಣ ಕೇಶಿರಾಜನು ಕೊಟ್ಟ ವಿನಾಯಿತಿ ನಾವು ಇಂದು ಹೊಸದಾಗಿ ಕಟ್ಟುವ ಪದಗಳಿಗೆ ಇಲ್ಲ. ‘ದುರಸ್ತಿ’ಯಂತೂ ಫಾರಸಿಯಿಂದ ಬಂದದ್ದು. ‘ಜೀರ್ಣೋದ್ಧಾರ’ ಎಂಬ, ಸಮಾಸದೋಷವಿಲ್ಲದ ಪದವಿರುವಾಗ ಬೇರೆ ಹುಡುಕಾಟ ಅನಗತ್ಯ.

ಉತ್ತರ 2:

‘ಜೀರ್ಣೋದ್ಧಾರ’ವನ್ನು ಒಪ್ಪಲಾಗದು. ಜೀರ್ಣವಾದದ್ದನ್ನು ಮೇಲೆತ್ತಿ ಉಳಿಸುವುದು ಅದರ ಅರ್ಥ. ಇಲ್ಲಿ ಜೀರ್ಣವಾದದ್ದನ್ನೇ ಕಿತ್ತು ಹೊರಗಿಡಲಾಗಿದೆ. ಅರಿಸಮಾಸದ ನಿಯಮವನ್ನು ಇಷ್ಟು ಬಿಗಿಯಾಗಿ ಹಿಡಿದರೆ ನಾವೆಲ್ಲ ದಿನವೂ ಬರೆಯುವ ‘ಮರುಪರಿಶೀಲನೆ’, ‘ಮರುಪರೀಕ್ಷೆ’ಗಳನ್ನೂ ಕೈಬಿಡಬೇಕಾಗುತ್ತದೆ. ‘ಮರುನಿಯಂತ್ರಣ’ದ ದೋಷವಿರುವುದು ಅರ್ಥದಲ್ಲಿ: ಮತ್ತೊಮ್ಮೆ ಹತೋಟಿಗೆ ತಂದರೆಂದು ಅದು ಸೂಚಿಸುತ್ತದೆ.

‘ದುರಸ್ತಿ’ಯ ಮೂಲವೇ ಅದರ ಎಲ್ಲೆಯನ್ನೂ ತೋರಿಸುತ್ತದೆ. ಫಾರಸಿಯ ‘ದುರುಸ್ತ್’ ಎಂದರೆ ಸರಿಯಾಗಿರುವುದು. ಕೆಟ್ಟದ್ದನ್ನು ಮೊದಲಿದ್ದಂತೆ ಸರಿಪಡಿಸುವುದೇ ದುರಸ್ತಿ. ಮೋಟಾರಿಗೆ ವಿದ್ಯುತ್ ಕೊಡುವ ಡ್ರೈವಿನಲ್ಲಿ ಉಬ್ಬಿದ ಕೆಪ್ಯಾಸಿಟರನ್ನು ತೆಗೆದು ಅದೇ ಮೌಲ್ಯದ ಇನ್ನೊಂದನ್ನು ಬೆಸೆಯುವುದು, ಡಿಸಿ ಸರ್ವೊ ಮೋಟಾರಿನ ಸವೆದ ಬ್ರಷ್ಷುಗಳನ್ನು ಬದಲಿಸುವುದು ದುರಸ್ತಿಯೇ. ಆ ಬಳಿಕವೂ ಹಳೆಯ ವೈರಿಂಗ್ ನಕ್ಷೆ, ಹಳೆಯ ಅಲಾರಂ ಸಂಖ್ಯೆಗಳು ಹಾಗೆಯೇ ಸಲ್ಲುತ್ತವೆ. ಕಂಟ್ರೋಲ್ ಬದಲಾದ ಮೇಲೆ ಸಲ್ಲುವುದಿಲ್ಲ. ಹಳೆಯ ಡ್ರೈವುಗಳನ್ನೇ ಉಳಿಸಿಕೊಂಡು, ಹೊಸ ಇಂಟರ್‌ಫೇಸ್ ಕಾರ್ಡಿನಿಂದ ಅವಕ್ಕೆ ±10 ವೋಲ್ಟಿನ ವೇಗಸೂಚನೆ ಕೊಟ್ಟರೂ, ಸ್ಥಾನ ತಿಳಿಸುವ ಎನ್‌ಕೋಡರಿನ, ಲಿಮಿಟ್ ಸ್ವಿಚ್ಚುಗಳ, ತುರ್ತು ನಿಲುಗಡೆಯ ತಂತಿಗಳು ಬೇರೆ ದಾರಿ ಹಿಡಿದಿರುತ್ತವೆ. ‘ದುರಸ್ತಿಯಾಗಿದೆ’ ಎಂದು ಓದಿದ ತಂತ್ರಜ್ಞರು ಹಳೆಯ ನಕ್ಷೆಯನ್ನು ನಂಬಿ, ವಿದ್ಯುತ್ ಇಲ್ಲವೆಂದು ತಿಳಿದು, ವಿದ್ಯುತ್ ಹರಿಯುತ್ತಿರುವ ತಂತಿಯನ್ನೇ ಮುಟ್ಟಬಹುದು. ಆದ್ದರಿಂದ ಈ ಎರಡು ಕೆಲಸಗಳಿಗೆ ಎರಡು ಪದ ಬೇಕೇ ಬೇಕು.

ನನ್ನ ಸಲಹೆ ‘ಮರುಸಜ್ಜು’. ‘ಸಜ್ಜು’ ಸಂಸ್ಕೃತದಿಂದ ಬಂದರೂ ಕನ್ನಡಕ್ಕೆ ಒಗ್ಗಿ ರೂಪ ಬದಲಿಸಿದ ತದ್ಭವವಾದ್ದರಿಂದ ಮೇಲಿನವರ ಆಕ್ಷೇಪಕ್ಕೂ ಎಡೆಯಿಲ್ಲ. ‘ಮರುಸಜ್ಜುಗೊಳಿಸು’ ಎಂಬ ಕ್ರಿಯಾಪದವೂ ತಾನಾಗಿಯೇ ದೊರೆಯುತ್ತದೆ. ‘ನವೀಕರಣ’ ಬೇಡ, ಪರವಾನಗಿಯನ್ನೂ ಕಟ್ಟಡವನ್ನೂ ನವೀಕರಿಸುವ ನಮಗೆ ಅದರಿಂದ ಏನು ಬದಲಾಯಿತೆಂದು ತಿಳಿಯುವುದಿಲ್ಲ.

ಉತ್ತರ 3:

ಯಂತ್ರದ ಮುಂದೆ ನಿಂತು ಕೆಲಸ ಮಾಡುವವರು ‘ರೆಟ್ರೋಫಿಟ್’ ಎಂದೇ ಹೇಳುತ್ತಾರೆ. ಸ್ಪಿಂಡಲ್, ಎನ್‌ಕೋಡರ್, ಡ್ರೈವು ಎಂದು ಧಾರಾಳವಾಗಿ ಬರೆಯುವವರು ಈ ಒಂದು ಪದದ ಮುಂದೆ ಮಾತ್ರ ಬಾಗಿಲು ಹಾಕಿಕೊಳ್ಳುವುದು ನ್ಯಾಯವಲ್ಲ. ಎರವಲು ಪದಕ್ಕೆ ಕನ್ನಡದ ಪ್ರತ್ಯಯ ಹತ್ತಿದರೆ ಅದು ಕನ್ನಡದ್ದೇ; ‘ಮೋಟಾರು’, ‘ಸ್ವಿಚ್ಚು’ಗಳಿಗೆ ಇಂದು ಯಾರೂ ಮೂಲ ಕೇಳುವುದಿಲ್ಲ. ಕೈಪಿಡಿಯಲ್ಲಿ ‘ಮರುಸಜ್ಜು’ ಬರಲಿ, ಮೊದಲ ಬಾರಿ ಬಂದಲ್ಲಿ ‘ರೆಟ್ರೋಫಿಟ್’ ಕೂಡ ಜೊತೆಗಿರಲಿ. ಫಲಕದಲ್ಲಿ ಮಾತ್ರ ಎರಡೂ ಬೇಡ, ಎಲ್ಲರಿಗೂ ತಿಳಿಯುವ ವಾಕ್ಯವೇ ಇರಲಿ: “ಈ ಯಂತ್ರದ ಕಂಟ್ರೋಲ್ ಬದಲಾಗಿದೆ. ಹಳೆಯ ವೈರಿಂಗ್ ನಕ್ಷೆಯನ್ನು ಬಳಸಬಾರದು.”