ಚಂಡಮಾರುತ ದುರ್ಬಲವಾಯ್ತು ಅಂದರೆ ಬೆಟ್ಟದವರು ನಿರಾಳವಾಗಬಹುದೇ?

ಪ್ರಶ್ನೆ: ಕರಾವಳಿ ದಾಟಿದ ಮೇಲೆ ಚಂಡಮಾರುತದ ಬಲ ಕುಂದುತ್ತದೆ ಅಂತಾರೆ. ಹಾಗಿದ್ದೂ ಸಮುದ್ರದಿಂದ ಎಷ್ಟೋ ದೂರದ ಬೆಟ್ಟಗಳಲ್ಲಿ ಅಷ್ಟೊಂದು ಜನ ಸಾಯುವುದು ಯಾಕೆ?

ಭೂವಿಜ್ಞಾನಿಯ ಉತ್ತರ: ಕುಂದುವುದು ಗಾಳಿ. ಮಳೆ ಕುಂದಬೇಕೆಂದೇನೂ ಇಲ್ಲ. ಒಂದನೇ ದರ್ಜೆ, ಐದನೇ ದರ್ಜೆ ಅಂತ ಟಿವಿಯಲ್ಲಿ ಹೇಳುತ್ತಾರಲ್ಲ, ಅದು ಬರೀ ಗಾಳಿಯ ವೇಗದ ಲೆಕ್ಕ. ಎಷ್ಟು ಮಳೆ ಬೀಳುತ್ತದೆ ಅನ್ನೋದು ಅದರಲ್ಲಿ ಇಲ್ಲವೇ ಇಲ್ಲ. ಬೆಟ್ಟದಲ್ಲಿ ಇರುವವರಿಗೆ ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

1998ರ ಮಿಚ್ ಚಂಡಮಾರುತವನ್ನೇ ನೋಡಿ. ಕೆರಿಬಿಯನ್ ಸಮುದ್ರದಲ್ಲಿ ಅದು ಐದನೇ ದರ್ಜೆಯದು. ಅಕ್ಟೋಬರ್ 30ರ ಹೊತ್ತಿಗೆ ಗಾಳಿಯ ಅಬ್ಬರ ತುಂಬಾ ಇಳಿದಿತ್ತು. ನಿಕರಾಗುವಾದ ಕಾಸಿಟಾ ಜ್ವಾಲಾಮುಖಿಯ ಒಂದು ಮಗ್ಗುಲು ಕುಸಿದದ್ದು ಅದೇ ದಿನ. ಕೆಸರು, ಬಂಡೆ ಎಲ್ಲ ಸೇರಿ ಕೆಳಗಿನ ಊರುಗಳ ಮೇಲೆ ನುಗ್ಗಿ 2,000ಕ್ಕೂ ಹೆಚ್ಚು ಜನ ಸತ್ತರು.

ತೇವ ತುಂಬಿದ ಗಾಳಿ ಬೆಟ್ಟಕ್ಕೆ ತಾಗಿದಾಗ ಮೇಲಕ್ಕೆ ಏರಲೇಬೇಕು. ಏರಿದಂತೆ ತಣ್ಣಗಾಗಿ ಮಳೆ ಸುರಿಯುತ್ತದೆ. ಚಂಡಮಾರುತ ನಿಧಾನವಾಗಿ ಸಾಗಿದರಂತೂ ಒಂದೇ ಇಳಿಜಾರಿನ ಮೇಲೆ ದಿನಗಟ್ಟಲೆ ಸುರಿಯುತ್ತಲೇ ಇರುತ್ತದೆ. ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದ ಬೆಟ್ಟದ ಮೇಲೆ 1966ರಲ್ಲಿ 24 ಗಂಟೆಗಳಲ್ಲಿ 1,825 ಮಿ.ಮೀ. ಮಳೆ ಬಿತ್ತು. 2007ರಲ್ಲಿ ಗಮೇಡ್ ಚಂಡಮಾರುತ ಬಂದಾಗ ಅಲ್ಲೇ ಮೂರು ದಿನಕ್ಕೆ 3,900 ಮಿ.ಮೀ. ದಾಟಿತ್ತು.

ಇನ್ನು ಮಣ್ಣಿನ ವಿಷಯ. ಇಳಿಜಾರಿನಲ್ಲಿ ಮಣ್ಣು ನಿಂತಿರುವುದೇ ಕಣಗಳು ಒಂದಕ್ಕೊಂದು ಒತ್ತಿಕೊಂಡಿರುವುದರಿಂದ. ಸಂದುಗಳಲ್ಲೆಲ್ಲ ನೀರು ತುಂಬಿದರೆ ಅದರ ಒತ್ತಡ ಕಣಗಳ ಹಿಡಿತವನ್ನು ಸಡಿಲ ಮಾಡುತ್ತದೆ. ಅಡಿಯ ಬಂಡೆ ನೀರು ಇಂಗಲು ಬಿಡದಿದ್ದರೆ ಮೇಲಿನ ಮಣ್ಣು ಜಾರಿ ಹೊರಡುತ್ತದೆ. ಹಾಗಾಗಿ ಮುಂಚೆಯೇ ನೆನೆದ ಬೆಟ್ಟ ಜಾಸ್ತಿ ಅಪಾಯ. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬರುವ ಮುಂಚೆಯೇ ಅಮೆರಿಕದ ಉತ್ತರ ಕೆರೊಲಿನಾದ ಪಶ್ಚಿಮದ ಬೆಟ್ಟಗಳಲ್ಲಿ ಭಾರಿ ಮಳೆಯಾಗಿತ್ತು. ಅದರ ಮೇಲೆ ಚಂಡಮಾರುತದ ಮಳೆ. ಆ ಪರ್ವತಸಾಲಿನಲ್ಲಿ ಸಾವಿರಾರು ಕಡೆ ಭೂಕುಸಿತವಾಯಿತು.

ಪ್ರಶ್ನೆ: ದಟ್ಟ ಕಾಡಿದ್ದರೆ ಮಣ್ಣು ಕುಸಿಯಲ್ಲ ಅಲ್ವಾ?

ಉತ್ತರ: ಅರ್ಧ ಸರಿ. ಬೇರುಗಳು ಮೇಲ್ಪದರವನ್ನು ಚೆನ್ನಾಗಿ ಹಿಡಿಯುತ್ತವೆ, ಕಾಡು ಕಡಿದ ಕಡೆ ಕುಸಿತ ಹೆಚ್ಚುವುದೂ ನಿಜ. ಆದರೆ ಬೇರು ಇಳಿಯದಷ್ಟು ಆಳದಲ್ಲಿ ಬಂಡೆಯೇ ಬಿಟ್ಟುಕೊಂಡರೆ ಮರಗಳೂ ಜೊತೆಗೇ ಬರುತ್ತವೆ. ತೈವಾನಿನ ಶಿಯಾವೊಲಿನ್ ಹಳ್ಳಿಯಲ್ಲಿ 2009ರ ಆಗಸ್ಟಿನಲ್ಲಿ ಹಾಗೇ ಆಯಿತು. ಮೊರಾಕೋಟ್ ಚಂಡಮಾರುತದ ಮಳೆಗೆ ಬೆಟ್ಟ ಆಳದಿಂದಲೇ ಕುಸಿದು ಹಳ್ಳಿಯನ್ನು ಮುಚ್ಚಿತು. ಆ ಮಣ್ಣು ನದಿಗೆ ಅಡ್ಡ ಕಟ್ಟೆಯಾಗಿ ನಿಂತಿತು. ಸ್ವಲ್ಪ ಹೊತ್ತಿನಲ್ಲೇ ಅದೂ ಒಡೆದು ಪ್ರವಾಹ ನುಗ್ಗಿತು. ನಾನೂರಕ್ಕೂ ಹೆಚ್ಚು ಜನ ಸತ್ತರು.

ಪ್ರಶ್ನೆ: ಮುನ್ಸೂಚನೆ ಏನಾದರೂ ಸಿಗುತ್ತದೆಯೇ? ರಾತ್ರಿ ಹೊತ್ತು ಏನು ಮಾಡಬೇಕು?

ಉತ್ತರ: ಕೆಲವು ಸಲ ಸಿಗುತ್ತದೆ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಇದ್ದಕ್ಕಿದ್ದಂತೆ ಬಿಗಿಯಾಗಿ ತೆರೆಯಲಾಗದ ಬಾಗಿಲು, ಮೇಲಿನಿಂದ ಮರ ಮುರಿಯುವ ಸದ್ದು. ಎಲ್ಲಕ್ಕಿಂತ ನಾನು ಹೆದರುವುದು ಒಂದಕ್ಕೆ: ಮಳೆ ಜೋರಾಗಿ ಸುರಿಯುತ್ತಿರುವಾಗಲೇ ತೊರೆಯ ನೀರು ಕಮ್ಮಿಯಾಗುವುದು. ಮೇಲೆಲ್ಲೋ ಮಣ್ಣು ಅಡ್ಡ ಬಿದ್ದಿರಬಹುದು. ಏನಾಯ್ತು ಅಂತ ನೋಡಲು ತೊರೆಯ ಹತ್ತಿರ ಹೋಗಲೇಬೇಡಿ. ತೊರೆಯ ಪಾತ್ರ ಬಿಟ್ಟು ಪಕ್ಕದ ಎತ್ತರಕ್ಕೆ ಹತ್ತಿ. ಕಣಿವೆಯ ಉದ್ದಕ್ಕೆ ಕೆಳಗೆ ಓಡಿದರೆ ಪ್ರಯೋಜನವಿಲ್ಲ, ಕೆಸರಿನ ಪ್ರವಾಹ ಗಂಟೆಗೆ 50 ಕಿ.ಮೀ. ವೇಗದಲ್ಲೂ ಬರಬಲ್ಲದು.

ಕಣಿವೆ ಬಯಲಿಗೆ ತೆರೆದುಕೊಳ್ಳುವ ಬಾಯಲ್ಲಿ ಬೀಸಣಿಗೆಯಾಕಾರದ ಸಮತಟ್ಟು ಜಾಗ ಇರುತ್ತದೆ. ಮನೆ ಕಟ್ಟಲು ಚೆನ್ನಾಗಿ ಕಾಣುತ್ತದೆ. ಆ ಜಾಗ ಆಗಿರುವುದೇ ಹಳೆಯ ಕೆಸರು ಪ್ರವಾಹಗಳಿಂದ. ನಿಮ್ಮ ಮನೆ ಅಲ್ಲಿದ್ದರೆ ಕತ್ತಲಾಗುವ ಮೊದಲೇ ಹೊರಡಿ. ಇಂಥ ಸಾವುಗಳಲ್ಲಿ ಬಹಳಷ್ಟು ನಿದ್ದೆಯಲ್ಲೇ ಆಗುತ್ತವೆ. ಹೊರಡಲು ಆಗದೇ ಹೋದರೆ ಮೇಲಿನ ಮಹಡಿಯಲ್ಲಿ, ಬೆಟ್ಟದ ಕಡೆಗಿಲ್ಲದ ಕೋಣೆಯಲ್ಲಿ, ಒಬ್ಬರಾದರೂ ಎಚ್ಚರವಿದ್ದು ಕಾಯಿರಿ.

ಪ್ರಶ್ನೆ: ಮಳೆ ನಿಂತ ಕೂಡಲೇ ವಾಪಸ್ ಬರಬಹುದಾ?

ಉತ್ತರ: ಬೇಡ. ಆಳದ ಕುಸಿತಗಳು ದಿನಗಳ ನಂತರವೂ ಆಗುತ್ತವೆ, ಯಾಕಂದರೆ ನೀರು ಇನ್ನೂ ಕೆಳಗೆ ಇಳಿಯುತ್ತಿರುತ್ತದೆ. ಇಳಿಜಾರನ್ನು ತಿಳಿದವರು ಪರೀಕ್ಷಿಸಿ ಹೇಳಲಿ, ಆಮೇಲೆ ಬನ್ನಿ.