ಎರಡು ಕೈಯ ಕತ್ತಿಗೆ ‘ಹದ’: ಒಂದು ಪದವೇ, ಎರಡು ಪದಗಳೇ?

ಮಾನ್ಯರೇ,

16ನೆಯ ಶತಮಾನದ ಜರ್ಮನ್ ಕೂಲಿಸೈನಿಕರು ಬಳಸುತ್ತಿದ್ದ ‘ತ್ಸ್ವೈಹೆಂಡರ್’ ಎಂಬ ಎರಡು ಕೈಯ ಕತ್ತಿಯನ್ನು ಕುಲುಮೆಯಲ್ಲಿ ಕೈಯಾರೆ ಮಾಡುವ ಬಗೆಯ ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಅಲಗು, ಮೊನೆ, ಹಿಡಿ, ಸಾಣೆ ಇವೆಲ್ಲ ತಡಕಾಡದೆ ಒದಗಿದವು. ‘ಹದ’ ಎಂಬಲ್ಲಿಗೆ ಬಂದು ಬರವಣಿಗೆ ನಿಂತಿದೆ.

ಜರ್ಮನ್ ಕಮ್ಮಾರಿಕೆಯಲ್ಲಿ ಇದಕ್ಕೆ ಎರಡು ಹೆಸರುಗಳಿವೆ. ಅಲಗನ್ನು ಕೆಂಪಗೆ ಕಾಯಿಸಿ ಒಮ್ಮೆಲೇ ನೀರಿನಲ್ಲೋ ಎಣ್ಣೆಯಲ್ಲೋ ಅದ್ದುವುದು ‘ಹೆರ್ಟನ್’. ಇದರಿಂದ ಉಕ್ಕು ಗಡಸಾಗುತ್ತದೆ, ಆದರೆ ಪೆಡಸೂ ಆಗಿ ಪೆಟ್ಟು ಬಿದ್ದರೆ ಮುರಿಯುವಂತಾಗುತ್ತದೆ. ಆ ಪೆಡಸನ್ನು ಕಳೆಯಲು ಮತ್ತೆ ಮಿತವಾಗಿ ಕಾಯಿಸುವುದು ‘ಆನ್‌ಲಾಸನ್’. ಉಜ್ಜಿ ಬೆಳಗಿದ ಉಕ್ಕಿನ ಮೇಲೆ ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಣಹುಲ್ಲಿನ ಹಳದಿಯೂ 300ರ ಹೊತ್ತಿಗೆ ನೀಲಿಯೂ ಮೂಡುವುದರಿಂದ, ಕಾವನ್ನು ಎಲ್ಲಿ ನಿಲ್ಲಿಸಬೇಕೆಂಬುದು ಕಣ್ಣಿಗೇ ತಿಳಿಯುತ್ತದೆ.

ನಮ್ಮಲ್ಲಿ ಎರಡಕ್ಕೂ ‘ಹದ ಹಾಕುವುದು’ ಎಂದೇ ಹೇಳುವುದನ್ನು ಕೇಳಿದ್ದೇನೆ. ಇದನ್ನು ನುಡಿಯ ಕೊರತೆಯೆಂದು ನಾನು ಒಪ್ಪುವುದಿಲ್ಲ. ಉಳಿಯಂಥ ಚಿಕ್ಕ ಹತಾರದ ಬಾಯಿಯನ್ನಷ್ಟೇ ನೀರಿಗೆ ಹಿಡಿದು ತೆಗೆದರೆ, ಮೈಯಲ್ಲಿ ಉಳಿದ ಕಾವು ಬಾಯಿಯ ಕಡೆಗೆ ಹರಿದು ಪೆಡಸನ್ನು ತಾನೇ ಕಳೆಯುತ್ತದೆ. ಕೆಲಸವೆರಡೂ ಒಂದೇ ಉಸಿರಿನಲ್ಲಿ ಮುಗಿಯುವುದರಿಂದ ಒಂದೇ ಹೆಸರು ಸಾಕಾಗಿರಬೇಕೆಂಬುದು ನನ್ನ ಊಹೆ. ಒಂದೂವರೆ ಮೀಟರಿಗೂ ಮಿಕ್ಕ ಉದ್ದದ, ಎರಡು ಮೂರು ಕಿಲೋ ತೂಗುವ ಕತ್ತಿಯಲ್ಲಿ ಈ ಕ್ರಮ ನಡೆಯದು. ಅಲಗಿನ ಉದ್ದಕ್ಕೂ ಕಾವು ಸಮನಾಗಿರಬೇಕು, ಮುಳುಗಿಸುವಾಗ ಕೈ ಓರೆಯಾದರೂ ಅದು ಸೊಟ್ಟಗಾಗಬಹುದು. ಬಳುಕಿ ಮತ್ತೆ ನೆಟ್ಟಗಾಗುವ ಗುಣ ಬರಬೇಕಾದರೆ ಎರಡನೆಯ ಕಾವನ್ನು ಬೇರೆಯಾಗಿಯೇ ಕೊಡಬೇಕು.

ಪಾಕದ ಹದ, ಮಣ್ಣಿನ ಹದ ಎನ್ನುವಾಗ ಅತಿಯಾಗದಂತೆ ತಕ್ಕ ಮಟ್ಟಕ್ಕೆ ತರುವ ಅರ್ಥವೇ ಮುಂದಾಗಿರುವುದರಿಂದ, ‘ಹದ’ವನ್ನು ಎರಡನೆಯ ಕೆಲಸಕ್ಕೆ ಮೀಸಲಿಡುವುದು ಸರಿಯೆಂದು ತೋರುತ್ತದೆ. ಮೊದಲನೆಯದಕ್ಕೆ ‘ತಣಿಸು’ ಎಂದರೆ ಮೆಲ್ಲಗೆ ಆರಿಸಿದ ಭಾವ ಬರುತ್ತದೆ. ‘ನೀರುಣಿಸು’ ಎಂಬುದು ಸೊಗಸಾಗಿದ್ದರೂ ಎಣ್ಣೆಯಲ್ಲಿ ಅದ್ದುವಾಗ ಹೊಂದುವುದಿಲ್ಲ. ಸದ್ಯಕ್ಕೆ ‘ಗಡಸೇರಿಸು’ ಎಂದು ಬರೆದಿಟ್ಟಿದ್ದೇನೆ.

ಕಮ್ಮಾರರ ಮನೆಗಳ ಒಡನಾಟವಿರುವವರು ದಯವಿಟ್ಟು ತಿಳಿಸಬೇಕು: ಹತಾರವನ್ನು ನೀರಿನಿಂದ ತೆಗೆದು, ಬಣ್ಣ ಏರುವುದನ್ನು ಕಾಯುವ ಆ ಕೆಲವು ಗಳಿಗೆಗಳಿಗೆ ನಿಮ್ಮ ಕಡೆ ಬೇರೆ ಮಾತಿದೆಯೇ?