ಸ್ಲಿಂಗ್ ಎಳೆದರೆ ಗುಂಡು ಎಡಕ್ಕೆ ಹೋಗುತ್ತೆ. ಪ್ಲಾಸ್ಟಿಕ್ ಸ್ಟಾಕ್ ಗಟ್ಟಿ ಮಾಡೋದು ಹೇಗೆ?

ರಾಣೆಬೆನ್ನೂರು_22:
ನಮಸ್ಕಾರ್ರೀ ಎಲ್ಲರಿಗೂ. ನನ್ನ ಲೈಸೆನ್ಸಿನಲ್ಲಿ ಒಂದು .22 ಬೋಲ್ಟ್ ರೈಫಲ್ ಇದೆ. ಬೇಟೆಗೆಂದು ಹಗುರಾಗಿ ಮಾಡಿದ ಮಾದರಿ, ಪ್ಲಾಸ್ಟಿಕ್ ಸ್ಟಾಕ್ (ಬ್ಯಾರೆಲ್ ಕೂರೋ ಹಿಡಿಕೆ). ನಾನು ರೇಂಜಿನಲ್ಲಿ 50 ಮೀಟರ್ ಟಾರ್ಗೆಟ್ ಮಾತ್ರ ಹೊಡೆಯುತ್ತೇನೆ. ಮರಳಿನ ಚೀಲದ ಮೇಲಿಟ್ಟರೆ ಗುಂಡಿನ ತೂತುಗಳ ಗುಂಪು ಚೆನ್ನಾಗಿ ಬೀಳುತ್ತೆ. ಮಲಗಿಕೊಂಡು ಸ್ಲಿಂಗ್ (ಸ್ಟಾಕಿನ ಮುಂಭಾಗದಿಂದ ತೋಳಿಗೆ ಹಾಕೋ ಪಟ್ಟಿ) ಬಿಗಿ ಮಾಡಿದರೆ ಅದೇ ಗುಂಪು ಎಡಕ್ಕೆ ಸರಿಯುತ್ತೆ. ಟಾರ್ಗೆಟ್ಟಿನ ಹತ್ತು ಅಂಕದ ಸುತ್ತು ಇರೋದೇ 10.4 ಮಿ.ಮೀ. ಅಗಲ, ಸ್ವಲ್ಪ ಸರಿದರೂ ಹೋಯ್ತು. ಸ್ಟಾಕಿನೊಳಗೆ ಅರಾಲ್ಡೈಟ್ (ಎಪಾಕ್ಸಿ ಅಂಟು) ತುಂಬಿದರೆ ಸಾಕಾ?

ತಾರಿಹಾಳ_ಮೋಲ್ಡಿಂಗ್:
ತಮ್ಮಾ, ತುಂಬೋ ಮೊದಲು ಒಂದು ಕೆಲಸ ಮಾಡು. ರೈಫಲ್ ಖಾಲಿ ಇದೆಯಾ ನೋಡಿ, ಬೋಲ್ಟ್ (ಗುಂಡು ತುಂಬಲು ಹಿಂದೆ ಮುಂದೆ ಜರುಗಿಸೋ ಭಾಗ) ಹೊರಗೆ ತೆಗೆದಿಡು. ಹತ್ತು ರೂಪಾಯಿ ನೋಟನ್ನು ಬ್ಯಾರೆಲ್ ಕೆಳಗೆ ತೂರಿಸಿ ಹಿಂದಕ್ಕೆ ಎಳೆ. ಆಮೇಲೆ ಸ್ಲಿಂಗನ್ನು ಯಾರಾದರೂ ಜಗ್ಗಿ ಹಿಡಿಯಲಿ, ಮತ್ತೆ ಎಳೆ. ನೀನು ಬಲಗೈಯವನಾದರೆ ಸ್ಲಿಂಗ್ ಸ್ಟಾಕಿನ ಮೂತಿಯನ್ನು ಎಡಕ್ಕೆ ಎಳೆಯುತ್ತೆ. ಆಗ ಬಲಗಡೆ ಗೋಡೆ ಬ್ಯಾರೆಲ್‌ಗೆ ತಾಗಿ ಅದನ್ನೂ ಎಡಕ್ಕೆ ತಳ್ಳುತ್ತೆ. ನೋಟು ಅಲ್ಲೇ ಸಿಕ್ಕಿಕೊಳ್ಳಬೇಕು.

ನನ್ನ ಹೊಟ್ಟೆಪಾಡೇ ಮೋಲ್ಡಿಂಗ್. ಪ್ಲಾಸ್ಟಿಕ್ ದಪ್ಪ ಬಿಟ್ಟರೆ ತಣಿಯುವಾಗ ಮೇಲ್ಮೈ ಕುಸಿದು ಗುಳಿ ಬೀಳುತ್ತೆ. ಅದಕ್ಕೇ ತೆಳು ಗೋಡೆ ಇಟ್ಟು ಒಳಗೆ ಅಡ್ಡಪಟ್ಟಿ ಕೊಡುತ್ತಾರೆ. ಸ್ಟಾಕಿನ ಮುಂಭಾಗ ಮೇಲುಗಡೆ ತೆರೆದ ಕಾಲುವೆ, ತಿರುಚಿದರೆ ಸುಲಭವಾಗಿ ತಿರುಚುತ್ತೆ. ಬರೀ ಅಂಟು ತುಂಬಿದರೆ ತೂಕ ಬಂದೀತು, ಬಿಗಿ ಅಷ್ಟಾಗಿ ಬರೋದಿಲ್ಲ. ಉದ್ದಕ್ಕೂ ಎರಡು ಕಡ್ಡಿ ಬೇಕು: ಕಾರ್ಬನ್ ಬಾಣದ ಕಡ್ಡಿ ಸಿಕ್ಕರೆ ಅದು, ಇಲ್ಲದಿದ್ದರೆ ಅಲ್ಯೂಮಿನಿಯಂ ಪೈಪು. ಅಡ್ಡಪಟ್ಟಿಗಳಲ್ಲಿ ತೂತು ಕೊರೆದು ಒಂದೇ ಉದ್ದಕ್ಕೆ ಹಾಯಿಸು.

ಅಂಟಿನ ವಿಷಯ ಗಮನ ಇಟ್ಟು ಓದು. ಸ್ಟಾಕ್ ಪಾಲಿಪ್ರೊಪಿಲೀನ್ ಆಗಿದ್ದರೆ ಎಪಾಕ್ಸಿ ಅದಕ್ಕೆ ಹಿಡಿಯೋದೇ ಇಲ್ಲ. ಒರಟು ಪಾಲಿಶ್ ಕಾಗದದಿಂದ ಉಜ್ಜು, ಸ್ಪಿರಿಟಿನಿಂದ ಒರೆಸು, ಒಳಗೋಡೆಯಲ್ಲಿ ಅಲ್ಲಲ್ಲಿ ಓರೆಯಾಗಿ ಸಣ್ಣ ಕುಳಿ ಕೊರೆ. ಅಂಟು ಆ ಕುಳಿಗಳಲ್ಲಿ ಇಳಿದು ಬೀಗ ಹಾಕಿದ ಹಾಗೆ ಕೂರುತ್ತೆ. 5 ನಿಮಿಷದ್ದು ಬೇಡ, ನಿಧಾನಕ್ಕೆ ಗಟ್ಟಿಯಾಗೋದನ್ನೇ ತಗೋ. ಒಂದೇ ಸಲ ಸುರಿದರೆ ಅಂಟು ಕಾದು ಪ್ಲಾಸ್ಟಿಕ್ ಮೆತ್ತಗಾಗಿ ಸೊಟ್ಟಗಾಗುತ್ತೆ. ಪದರ ಪದರವಾಗಿ ಹಾಕು. ಒಣಗುವಾಗ ಸ್ಟಾಕ್ ನೆಟ್ಟಗಿರಲಿ. ಆಗ ಬಾಗಿದ್ದು ಆಮೇಲೆ ಸರಿಹೋಗೋದಿಲ್ಲ.

ಧಾರವಾಡ_ಸಾಗವಾನಿ:
ಕಾಕಾ ಹೇಳಿದ್ದು ಸರಿ. ಕಟ್ಟಿಗೆ ಸ್ಟಾಕಿನವರಿಗೂ ಒಂದು ಮಾತು. ನಮ್ಮ ಜಿಟಿಜಿಟಿ ಮಳೆಗಾಲದಲ್ಲಿ ಕಟ್ಟಿಗೆ ಉಬ್ಬಿ ಬ್ಯಾರೆಲ್‌ಗೆ ತಾಗುತ್ತೆ, ಬೇಸಿಗೆಯಲ್ಲಿ ಬಿಡುತ್ತೆ. ಒಳಗಿನ ಕಾಲುವೆಗೂ ವಾರ್ನಿಶ್ ಹೊಡೆಯಿರಿ. ಜಾಸ್ತಿ ಜನ ಹೊರಗಷ್ಟೇ ಹೊಳಪು ಮಾಡಿ ಬಿಡುತ್ತಾರೆ.

ರಾಣೆಬೆನ್ನೂರು_22:
ಕಾಕಾ, ನೋಟು ಎಳೆದು ನೋಡಿದೆ. ಸುಮ್ನೆ ಇದ್ದಾಗ ಸಲೀಸಾಗಿ ಬರುತ್ತೆ. ಸ್ಲಿಂಗ್ ಜಗ್ಗಿದರೆ ಮೂತಿಯ ಹತ್ತಿರ ಬಲಗಡೆ ಸಿಕ್ಕಿಕೊಳ್ಳುತ್ತೆ. ಆ ಗೋಡೆಯನ್ನೇ ಉಜ್ಜಿ ತೆಳು ಮಾಡಿದರೆ ಆಗೋದಿಲ್ವಾ?

ತಾರಿಹಾಳ_ಮೋಲ್ಡಿಂಗ್:
ಮೊದಲು ಕಡ್ಡಿ ಕೂರಿಸು. ಈಗಲೇ ಉಜ್ಜಿದರೆ ಗೋಡೆ ಇನ್ನೂ ಮೆತ್ತಗಾಗುತ್ತೆ. ಅಂಟು ಪೂರ್ತಿ ಒಣಗಿದ ಮೇಲೆ ಮತ್ತೆ ನೋಟು ಎಳೆ, ತಾಗಿದಷ್ಟೇ ಉಜ್ಜು. ಬ್ಯಾರೆಲ್‌ಗೆ, ಆಕ್ಷನ್‌ಗೆ (ಬೋಲ್ಟ್ ಕೂರೋ ಲೋಹದ ಭಾಗ) ಅರ ಮುಟ್ಟಿಸಬೇಡ. ಸ್ಕ್ರೂಗಳನ್ನು ಮೊದಲಿದ್ದಷ್ಟೇ ಬಿಗಿ ಮಾಡು, ರೇಂಜಿನಲ್ಲಿ ಸೈಟ್ ಹೊಸದಾಗಿ ಹೊಂದಿಸಿಕೋ.